ಮೊದಲು ಬ್ಯಾಗ್ ನೋಡಬೇಕು, ಆಮೇಲೆ ಬಾಯಿ

ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರುಗಳಿಗೇನೂ ಬರವಿಲ್ಲ. ಎರಡು ಡೆಂಟಲ್ ಕಾಲೇಜು ಇರುವ ಊರು. ಆದರೂ ಬಸುರಿ ಹೆಣ್ಣುಮಕ್ಕಳು ನಮ್ಮ ಹತ್ತಿರ ಬರುವುದು ದವಡೆ ಊದಿಕೊಂಡ ಮೇಲೆಯೇ. ಕ್ಲಿನಿಕ್ ನಡೆಸುತ್ತಾ ನಾನು ಕಲಿತದ್ದು ಇಷ್ಟು: ಇಂಥವರು ಬಂದರೆ ಮೊದಲು ಬಾಯಿ ತೆಗೆಸಬಾರದು, ಬ್ಯಾಗ್ ತೆಗೆಸಬೇಕು.

ಸೀಮಂತ ಮುಗಿಸಿ ತವರಿಗೆ ಬಂದಿದ್ದ ಒಬ್ಬ ಹುಡುಗಿ, ಏಳನೇ ತಿಂಗಳು. ಕೆಳಗಿನ ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ಕೆನ್ನೆ ಬಿಗಿದುಕೊಂಡಿತ್ತು, ಊಟ ಸೇರುತ್ತಿರಲಿಲ್ಲ. ಮಾತೆಲ್ಲ ಜೊತೆಗೆ ಬಂದ ತಾಯಿಯದ್ದೇ. "ಬಸುರಿ ಹೆಂಗ್ಸಿಗೆ ಇಂಜೆಕ್ಷನ್ ಬ್ಯಾಡ ಡಾಕ್ಟ್ರೇ. ಹೆರಿಗೆ ಆಗ್ಲಿ, ಆಮೇಲೆ ನೋಡಣ. ಈಗ ಮಾತ್ರೆ ಬರ್ಕೊಡ್ರಿ ಸಾಕು." ಇಲ್ಲಿಯವರೆಗೆ ಏನು ತಗೊಂಡಿದ್ದೀರಿ ಅಂತ ಕೇಳಿದೆ. ಬ್ಯಾಗ್ ತೆಗೆಸಿದಾಗ, ಬಸುರಿಯರ ತಪಾಸಣೆ ಬರೆದಿಡುವ ತಾಯಿ ಕಾರ್ಡಿನ ಕೆಳಗಿಂದ ಮೆಡಿಕಲ್ ಶಾಪಿನ ಸಣ್ಣ ಕವರ್ ಹೊರಬಂತು. ಒಳಗೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ, ಅರ್ಧ ಸ್ಟ್ರಿಪ್ ಖಾಲಿ.

ಭಯ ಇರಬೇಕಾದ ಕಡೆ ಇರಲೇ ಇಲ್ಲ, ನೋಡಿ. ನೋವು ಗೊತ್ತಾಗದಂತೆ ನಾವು ಹಲ್ಲಿಗೆ ಕೊಡುವ ಲಿಗ್ನೋಕೇನ್ ಇಂಜೆಕ್ಷನ್ ಮಾಮೂಲಿ ಪ್ರಮಾಣದಲ್ಲಿ ಗರ್ಭಿಣಿಯರಿಗೆ ಸುರಕ್ಷಿತ. ಆದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳನ್ನು 20 ವಾರ ಕಳೆದ ಮೇಲೆ ಸುಮ್ಮನೆ ನುಂಗಬಾರದು. ಮಗುವಿನ ಕಿಡ್ನಿಗೆ ಪೆಟ್ಟಾಗಿ ಗರ್ಭದ ನೀರು ಕಡಿಮೆಯಾಗಬಹುದು. ಕೊನೆಯ ಮೂರು ತಿಂಗಳಲ್ಲಾದರೆ ಮಗುವಿನ ಹೃದಯದ ಪಕ್ಕದ ಒಂದು ರಕ್ತನಾಳ ಹುಟ್ಟುವ ಮೊದಲೇ ಮುಚ್ಚಿಕೊಳ್ಳಬಹುದು. ಇನ್ನು ಟೆಟ್ರಾಸೈಕ್ಲಿನ್ ಗುಂಪಿನ ಆ್ಯಂಟಿಬಯಾಟಿಕ್ ಹುಟ್ಟುವ ಮಗುವಿನ ಹಲ್ಲಿನ ಬಣ್ಣವನ್ನೇ ಕೆಡಿಸಬಹುದು. ಕೀವನ್ನು ಹಾಗೇ ಬಿಟ್ಟರೆ ಅದು ಮುಖಕ್ಕೆ, ಕುತ್ತಿಗೆಗೆ ಹರಡಬಹುದು. ಹೆರಿಗೆಯವರೆಗೂ ಕಾಯುತ್ತದಾ?

ಇದನ್ನೆಲ್ಲ ಹೇಳಿದ್ದು ಹುಡುಗಿಗಲ್ಲ, ಅವರಮ್ಮನಿಗೆ. ತೀರ್ಮಾನ ಅವರ ಕೈಯಲ್ಲಿತ್ತು. ಅವರೆದುರಿಗೇ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. "ಮಾಡಿ, ತಡ ಮಾಡಬೇಡಿ" ಅಂತ ಅವರ ಬಾಯಲ್ಲಿ ಕೇಳಿದ ಮೇಲೆ ತಾಯಿಯ ಮುಖ ಸಡಿಲವಾಯಿತು. ನಾನು ಅರ್ಧ ಗಂಟೆ ವಿವರಿಸಿದ್ದರೂ ಅಷ್ಟು ಕೆಲಸ ಆಗುತ್ತಿರಲಿಲ್ಲ ಬಿಡಿ.

ಎಕ್ಸ್‌ರೇ ಅಂದಾಗ ಮತ್ತೆ ತಕರಾರು. ಒಂದು ಹಲ್ಲಿನ ಎಕ್ಸ್‌ರೇಗೆ ಬೇಕಾಗುವ ವಿಕಿರಣ ತೀರಾ ಕಡಿಮೆ, ಅದು ಹೊಟ್ಟೆಯ ಕಡೆ ಹೋಗುವುದೂ ಇಲ್ಲ. ಆದರೂ ಸೀಸದ ಏಪ್ರನ್ ಹೊದಿಸುತ್ತೇವೆ. ಅದರ ಭಾರವನ್ನು ತಾಯಿಯ ಕೈಗೇ ಕೊಟ್ಟೆ. "ಅಬ್ಬಾ, ಎಷ್ಟು ತೂಕ!" ಅಂದರು. ಆಮೇಲೆ ಮಾತಿಲ್ಲ.

ಕುರ್ಚಿಯಲ್ಲಿ ಪೂರ್ತಿ ಅಂಗಾತ ಮಲಗಿಸಲಿಲ್ಲ. ತುಂಬಿದ ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದರೆ ಬಿಪಿ ಇಳಿದು ತಲೆ ಸುತ್ತುತ್ತದೆ. ಬಲ ಸೊಂಟದ ಕೆಳಗೆ ದಿಂಬು ಇಟ್ಟು ಎಡಕ್ಕೆ ವಾಲಿಸಿದರೆ ಸಾಕು. ಹಲ್ಲು ತೆರೆದು ಕೀವು ಬಿಟ್ಟು, ಒಳಗೆ ಔಷಧಿ ಇಟ್ಟು ಮುಚ್ಚಿದೆ. ಉಳಿದ ರೂಟ್ ಕೆನಾಲ್ ಬಾಣಂತನ ಮುಗಿದ ಮೇಲೆ. ನೋವಿಗೆ ಪ್ಯಾರಾಸಿಟಮಾಲ್, ಜೊತೆಗೆ ಅಮಾಕ್ಸಿಸಿಲಿನ್ ಅನ್ನುವ ಆ್ಯಂಟಿಬಯಾಟಿಕ್.

ಅರ್ಜೆಂಟ್ ಅಲ್ಲದ ಕೆಲಸಕ್ಕೆ ನಾಲ್ಕರಿಂದ ಆರನೇ ತಿಂಗಳು ಅನುಕೂಲ. ನೋವು, ಬಾವು ಇದ್ದರೆ ಯಾವ ತಿಂಗಳಾದರೂ ಬರಬೇಕು. ವಸಡಿನಲ್ಲಿ ರಕ್ತ ಬರುತ್ತದೆ ಅಂತ ಬ್ರಶ್ ಬಿಡುವವರೇ ಜಾಸ್ತಿ. ಬಿಟ್ಟರೆ ರಕ್ತ ಇನ್ನೂ ಜಾಸ್ತಿಯಾಗುತ್ತದೆ. ವಾಂತಿಯಾದ ತಕ್ಷಣ ಮಾತ್ರ ಉಜ್ಜಬೇಡಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಉಜ್ಜಿ. "ಮಗು ಹಲ್ಲಿನ ಕ್ಯಾಲ್ಸಿಯಂ ಎಳ್ಕೊಳ್ಳುತ್ತೆ" ಅನ್ನುವುದು ಸುಳ್ಳು.

ಇನ್ನೊಂದು ತೊಡಕಿದೆ. ಹೊಸದಾಗಿ ಮದುವೆಯಾದವರು ಮೂರು ತಿಂಗಳು ತುಂಬುವವರೆಗೆ ವಿಷಯವನ್ನು ಯಾರಿಗೂ ಹೇಳುವುದಿಲ್ಲ, ಅತ್ತೆ ಪಕ್ಕದಲ್ಲಿ ಕೂತಿದ್ದರೆ ಕೇಳುವುದೇ ಬೇಡ. ಅದಕ್ಕೇ ನಮ್ಮ ಅಸಿಸ್ಟೆಂಟ್ ಹುಡುಗಿ ಅವರನ್ನು ಎಕ್ಸ್‌ರೇ ಮೂಲೆಗೆ ಒಬ್ಬರನ್ನೇ ಕರೆದುಕೊಂಡು ಹೋಗಿ, ಮುಟ್ಟು ಯಾವಾಗ ಆಗಿತ್ತು ಅಂತ ಮೆಲ್ಲಗೆ ಕೇಳುತ್ತಾಳೆ. ಅಲ್ಲಿಯವರೆಗೆ ನಾನು ಚೀಟಿ ಬರೆಯಲ್ಲ.