ಮಾಗಿಗೊಂದು ಲೋಶನ್: ಐದು ಪಾಕಗಳ ದಿನಚರಿ

ನವೆಂಬರ್ 9

ನರಕ ಚತುರ್ದಶಿಯ ಎಣ್ಣೆಸ್ನಾನದ ಜಿಡ್ಡು ಮೈಯಿಂದ ಹೋಗಿ ವಾರ ಕಳೆಯುವಷ್ಟರಲ್ಲಿ, ಮೊಣಕಾಲಿನ ಕೆಳಗೆ ಉಗುರಿನಿಂದ ಗೀಚಿದರೆ ಬಿಳಿ ಗೆರೆ ಮೂಡತೊಡಗಿತು. ಚಿಕ್ಕಂದಿನಲ್ಲಿ ಚಳಿಗಾಲ ಬಂದರೆ ಆ ಗೆರೆಗಳಲ್ಲಿ ಹೆಸರು ಬರೆದುಕೊಂಡು ಆಡುತ್ತಿದ್ದೆವು. ಈಗ ಅದೇ ಗೆರೆ ಕಂಡರೆ ತುರಿಕೆ ನೆನಪಾಗುತ್ತದೆ. ಮೈಸೂರಿನ ಮಾಗಿ ಮೈ ನಡುಗಿಸುವಂಥದ್ದೇನಲ್ಲ, ಆದರೆ ಒಣಗಾಳಿ ಮಾತ್ರ ತುಟಿ, ಕೈ, ಹಿಮ್ಮಡಿ ಯಾವುದನ್ನೂ ಬಿಡುವುದಿಲ್ಲ. ನಮ್ಮ ಕುವೆಂಪುನಗರದ ಮನೆಯಲ್ಲಿ ಕೊಬ್ಬರಿ ಎಣ್ಣೆಯೇ ಇದಕ್ಕೆಲ್ಲ ಮದ್ದಾಗಿತ್ತು. ಈ ವರ್ಷ ಅದನ್ನು ಬಿಟ್ಟು, ಕೈಯಾರೆ ಲೋಶನ್ ಮಾಡಿ ನೋಡಬೇಕೆಂದು ನಿರ್ಧರಿಸಿ ಈ ಲೆಕ್ಕದ ಪುಸ್ತಕವನ್ನು ತೆರೆದಿದ್ದೇನೆ.

ಎಣ್ಣೆ ಇರುವಾಗ ಲೋಶನ್ ಏಕೆ ಎಂಬ ಪ್ರಶ್ನೆಯನ್ನು ಅತ್ತೆಯವರು ಮೊದಲ ದಿನವೇ ಕೇಳಿದರು. ಒಣಗಿದ ಚರ್ಮಕ್ಕೆ ಕೊರತೆಯಾಗಿರುವುದು ಮುಖ್ಯವಾಗಿ ನೀರು. ಎಣ್ಣೆ ನೀರನ್ನು ಕೊಡುವುದಿಲ್ಲ, ಒಳಗಿರುವ ನೀರು ಆವಿಯಾಗಿ ಹೋಗದಂತೆ ಮೇಲೊಂದು ಮುಚ್ಚಳ ಹಾಕುತ್ತದೆ ಅಷ್ಟೇ. ಲೋಶನ್ನಿನಲ್ಲಿ ನೀರು, ನೀರನ್ನು ಹಿಡಿದಿಡುವ ಗ್ಲಿಸರಿನ್, ಮುಚ್ಚಳವಾಗುವ ಎಣ್ಣೆ ಮೂರೂ ಒಟ್ಟಿಗೆ ಇರುತ್ತವೆ. ಹೀಗೆಂದು ವಿವರಿಸಿದಾಗ ಅವರು, "ಹಂಗಾರೆ ನೀರು ಕೊಟ್ಟು ಕಾಸು ಈಸ್ಕಂತಾರೆ ಅನ್ನು" ಎಂದು ಹೇಳಿ ಅಡುಗೆಮನೆಗೆ ಹೋದರು. ಅಂಗಡಿಯ ಲೋಶನ್ ಸೀಸೆಯ ಹಿಂಬದಿಯಲ್ಲಿ ಮೊದಲ ಹೆಸರು ನೀರಿನದೇ ಆಗಿರುವುದರಿಂದ ನನ್ನ ಬಳಿ ಉತ್ತರವಿರಲಿಲ್ಲ.

ನವೆಂಬರ್ 15: ಮೊದಲ ಪಾಕ

ದೇವರಾಜ ಮಾರುಕಟ್ಟೆಯ ಗ್ರಂಧಿಗೆ ಅಂಗಡಿಯಿಂದ ಪನ್ನೀರನ್ನೂ, ಕೊಡಗಿನಿಂದ ಜೇನು ತರಿಸಿ ಮಾರುವವರಿಂದ ಜೇನುಮೇಣವನ್ನೂ ತಂದೆ. ಮೇಣ, ಎಣ್ಣೆ, ಪನ್ನೀರು ಸೇರಿಸಿ ಕಲಸುವ ಈ ಕ್ರಮ ಬಹಳ ಹಳೆಯದು; ಎರಡನೆಯ ಶತಮಾನದ ರೋಮಿನ ವೈದ್ಯ ಗ್ಯಾಲೆನ್ ಹೆಸರಿನಲ್ಲಿ ಇಂದಿಗೂ ಉಳಿದಿರುವ ಕೋಲ್ಡ್ ಕ್ರೀಮಿನ ಮೂಲ ಇದೇ. 10 ಗ್ರಾಂ ಮೇಣವನ್ನು 40 ಗ್ರಾಂ ಕೊಬ್ಬರಿ ಎಣ್ಣೆಯಲ್ಲಿಟ್ಟು, ಬಿಸಿನೀರಿನ ಪಾತ್ರೆಯೊಳಗೆ ಬೋಸಿಯಿಟ್ಟು ಕರಗಿಸಿದೆ. ಜೇನುಮೇಣ ಕರಗಲು 62ರಿಂದ 65 ಡಿಗ್ರಿ ಸೆಲ್ಸಿಯಸ್ ಬೇಕು. ಬಿಸಿ ಮಾಡಿದ 50 ಗ್ರಾಂ ಪನ್ನೀರನ್ನು ಎಳೆಯಾಗಿ ಸುರಿಯುತ್ತ ಬ್ಲೆಂಡರಿನಿಂದ ಕಡೆದಾಗ, ಎರಡೇ ನಿಮಿಷದಲ್ಲಿ ಬೆಣ್ಣೆಯಂತೆ ಬೆಳ್ಳಗೆ ಬಂದಿತು. ಸಂತೋಷದಿಂದ ಮನೆಮಂದಿಗೆಲ್ಲ ತೋರಿಸಿದೆ.

ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದಾಗ ಬಿಳಿ ಮುದ್ದೆಯ ಮೇಲೆ ನೀರಿನ ಮಣಿಗಳು ಬೆವರಿನಂತೆ ನಿಂತಿದ್ದವು. ಸೀಸೆ ಓರೆ ಮಾಡಿದರೆ ಪನ್ನೀರು ಒಂದು ಬದಿಗೆ ಹರಿದು ಬಂದಿತು.

ಕಾರಣ ಸರಳವಾದದ್ದು. ಜೇನುಮೇಣ ಮಿಶ್ರಣವನ್ನು ಗಟ್ಟಿ ಮಾಡುತ್ತದೆಯೇ ಹೊರತು ಎಣ್ಣೆಗೂ ನೀರಿಗೂ ನಂಟು ಬೆಸೆಯುವುದಿಲ್ಲ. ಹಾಲಿನಲ್ಲಿ ಕೊಬ್ಬಿನ ಕಣಗಳು ನೀರಿನಲ್ಲಿ ಹರಡಿಕೊಂಡಿರುವುದು ಪ್ರತಿ ಕಣದ ಸುತ್ತಲೂ ತೆಳುವಾದ ಪೊರೆಯೊಂದು ಇರುವುದರಿಂದ. ಕಡಗೋಲಿನಿಂದ ಕಡೆದು ಆ ಪೊರೆಯನ್ನು ಹರಿದಾಗ ಕಣಗಳು ಒಂದಕ್ಕೊಂದು ಅಂಟಿ ಬೆಣ್ಣೆಯಾಗಿ ಮೇಲೇಳುತ್ತವೆ. ನಾನು ಮಾಡಬೇಕಿದ್ದದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ, ಎಂದರೆ ಬಿಡಿಬಿಡಿಯಾದ ಎಣ್ಣೆಗೆ ಪೊರೆ ತೊಡಿಸಿ ನೀರಿನಲ್ಲಿ ನಿಲ್ಲಿಸುವುದು. ಹಳೆಯ ಕೋಲ್ಡ್ ಕ್ರೀಮುಗಳಲ್ಲಿ ಇದಕ್ಕಾಗಿ ಬಿಳಿಗಾರವನ್ನು ಸೇರಿಸುತ್ತಿದ್ದರು. ಅದು ಮೇಣದಲ್ಲಿರುವ ಆಮ್ಲದೊಡನೆ ಕೂಡಿ ಸಾಬೂನಿನಂಥ ವಸ್ತುವಾಗುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಬಿಳಿಗಾರ ಸಿಗುತ್ತದೆ. ಆದರೆ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಆ ಪುಡಿಯನ್ನು ದಿನವೂ ಮೈಗೆ ಹಚ್ಚಿಕೊಳ್ಳಲು ಮನಸ್ಸಾಗಲಿಲ್ಲ. ಒಡೆದ ಪಾಕವನ್ನು ಅಡುಗೆಕಟ್ಟೆಯ ಮೂಲೆಯಲ್ಲಿಟ್ಟು ಎಮಲ್ಸಿಫೈಯಿಂಗ್ ವ್ಯಾಕ್ಸ್ ತರಿಸಿದೆ. ಎಣ್ಣೆ ನೀರು ಎರಡಕ್ಕೂ ಹೊಂದಿಕೊಳ್ಳುವ ಈ ಬಿಳಿ ಹರಳುಗಳಿಗೆ ನಮ್ಮಲ್ಲಿ ಬೇರೆ ಹೆಸರಿಲ್ಲ.

ನವೆಂಬರ್ 23: ಎರಡನೆಯ ಪಾಕ

ಹಿತ್ತಲಿನ ಲೋಳೆಸರದ ಎರಡು ಎಸಳುಗಳನ್ನು ಕೊಯ್ದು, ಹಳದಿ ಸೊನೆ ಪೂರ್ತಿ ಇಳಿಯುವವರೆಗೆ ಬುಡ ಕೆಳಗಾಗಿ ನಿಲ್ಲಿಸಿ, ತಿರುಳನ್ನು ಮಿಕ್ಸಿಯಲ್ಲಿ ತಿರುವಿ ಸೋಸಿ ಅರ್ಧ ನೀರಿನ ಬದಲಿಗೆ ಹಾಕಿದೆ. ಎಣ್ಣೆಯ ಭಾಗಕ್ಕೆ ಈ ಸಲ ಮಂಡ್ಯದ ಕಡೆಯ ಗಾಣದಿಂದ ಬಂದ ಎಳ್ಳೆಣ್ಣೆ. ಪಾಕ ಒಡೆಯಲಿಲ್ಲ. ಮೊದಲ ದಿನ ಮಜ್ಜಿಗೆಯಷ್ಟು ತೆಳ್ಳಗಿದ್ದದ್ದು ಎರಡನೆಯ ದಿನಕ್ಕೆ ಗಟ್ಟಿ ಮೊಸರಿನ ಹದಕ್ಕೆ ಬಂದಿತು. ವ್ಯಾಕ್ಸ್ ತಣ್ಣಗಾಗಿ ಪೂರ್ತಿ ಕಟ್ಟಿಕೊಳ್ಳಲು ಒಂದೆರಡು ದಿನ ಬೇಕೆಂಬುದನ್ನು ಅಂದು ತಿಳಿದೆ. ಕೈಗೆ ಹಚ್ಚಿದರೆ ಅಂಟಿಲ್ಲದೆ ಇಳಿಯುತ್ತಿತ್ತು. ಕೆಡದಿರಲೆಂದು ವಿಟಮಿನ್ ಇ ಮಾತ್ರೆಗಳನ್ನು ಸೂಜಿಯಿಂದ ಚುಚ್ಚಿ ಹಿಂಡಿದ್ದೆ.

ಡಿಸೆಂಬರ್ 4

ಹನ್ನೊಂದನೆಯ ದಿನವಾದ ಇಂದು ಎರಡನೆಯ ಪಾಕವನ್ನು ಚೆಲ್ಲಿದೆ. ಮೂರು ದಿನಗಳಿಂದ ಅದರ ವಾಸನೆಯಲ್ಲಿ ಏನೋ ಬದಲಾವಣೆ ಕಂಡರೂ ಎಳ್ಳೆಣ್ಣೆಯ ಗುಣವಿರಬೇಕೆಂದು ಸಮಾಧಾನ ಹೇಳಿಕೊಂಡಿದ್ದೆ. ಇಂದು ಬೆಳಕಿಗೆ ಹಿಡಿದು ನೋಡಿದಾಗ ಸೀಸೆಯ ಕಂಠದ ಒಳಬದಿಯಲ್ಲಿ, ಮುಚ್ಚಳದ ತಿರುಪು ಮುಗಿಯುವ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ದೊಡ್ಡದಾದ ಬೂದುಹಸಿರು ಚುಕ್ಕೆ ಇತ್ತು. ಅದರ ಅಂಚಿನಲ್ಲಿ ಹತ್ತಿಯ ನೂಲಿನಂಥ ಎಳೆಗಳಿದ್ದವು. ಕೆಳಗಿನ ಲೋಶನ್ ಮಾತ್ರ ಮೊದಲ ದಿನದಷ್ಟೇ ಬೆಳ್ಳಗೆ, ನುಣ್ಣಗೆ ಇತ್ತು. ನನ್ನನ್ನು ಹೆದರಿಸಿದ್ದು ಚುಕ್ಕೆಯಲ್ಲ, ಆ ಬಿಳುಪು. ಬೂಷ್ಟು ಕಣ್ಣಿಗೆ ಬೀಳುವ ಹೊತ್ತಿಗೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಎಷ್ಟೋ ದಿನಗಳಿಂದ ಅಲ್ಲಿ ಬೆಳೆದಿರಬಹುದು, ಮತ್ತು ಅದನ್ನು ನಾನು ಬಿರುಕು ಬಿಟ್ಟ ಚರ್ಮಕ್ಕೆ ಹಚ್ಚಿಕೊಂಡಿದ್ದೆ.

ತಪ್ಪು ನನ್ನದೇ. ಎಣ್ಣೆಯು ಗಾಳಿಯೊಡನೆ ಬೆರೆತು ಕಮಟುವುದನ್ನು ವಿಟಮಿನ್ ಇ ನಿಧಾನಗೊಳಿಸುತ್ತದೆ. ಬೂಷ್ಟು, ಬ್ಯಾಕ್ಟೀರಿಯಾಗಳ ಗೊಡವೆಗೆ ಅದು ಹೋಗುವುದಿಲ್ಲ. ಎಣ್ಣೆ ಕೆಡುವುದು ಒಂದು ಬಗೆ, ನೀರು ಕೆಡುವುದು ಇನ್ನೊಂದು ಬಗೆ. ನಾನು ಮೊದಲನೆಯದರ ಔಷಧವನ್ನು ಎರಡನೆಯದಕ್ಕೆ ಕೊಟ್ಟಿದ್ದೆ. ಸಾಲದ್ದಕ್ಕೆ ಸಕ್ಕರೆಯ ಅಂಶವಿರುವ ಹಸಿ ಲೋಳೆಸರವನ್ನು ಹಾಕಿ ಅವುಗಳಿಗೆ ಊಟವನ್ನೂ ಬಡಿಸಿದ್ದೆ.

ಸಂಜೆ ಅತ್ತೆಯವರು ವಾರದ ಬೆಣ್ಣೆಯನ್ನು ಕಾಯಿಸುತ್ತಿದ್ದರು. ಬಾಣಲೆಯಲ್ಲಿ ಚಟಪಟ ಸದ್ದು ಜೋರಾಗಿ, ಆಮೇಲೆ ಕಡಿಮೆಯಾಗಿ, ಕೊನೆಗೆ ನಿಂತಿತು. ಒಂದು ಎಸಳು ವೀಳ್ಯದೆಲೆ ಹಾಕಿ ಒಲೆ ಆರಿಸಿದ ಅವರು ನನ್ನ ಕಥೆ ಕೇಳಿ, "ನೀರಿರೋದು ಕೆಡ್ತದೆ ಕಣವ್ವ, ಅದಕ್ಕೇ ಅಲ್ವಾ ಬೆಣ್ಣೆ ಕಾಯ್ಸೋದು" ಎಂದರು. ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿದರೆ ಬೈಯುವ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದೂ, ಮುಕ್ಕಾಲು ಭಾಗ ನೀರಿರುವ ವಸ್ತುವನ್ನು ಕಾಪಿಲ್ಲದೆ ಸ್ನಾನದ ಮನೆಯ ಕಿಟಕಿಯಲ್ಲಿ ಇಟ್ಟಿದ್ದೆನಲ್ಲ!

ಡಿಸೆಂಬರ್ 7

ಕಾಪಿಡುವ ವಸ್ತುವಿನ ಬಗ್ಗೆ ಮೂರು ದಿನ ನನ್ನೊಡನೆ ನಾನೇ ಜಗಳವಾಡಿದೆ. ಪೊಟ್ಯಾಸಿಯಂ ಸಾರ್ಬೇಟ್, ಸೋಡಿಯಂ ಬೆಂಜೊಯೇಟ್ ಜೋಡಿ ಆಹಾರದಲ್ಲಿಯೂ ಬಳಕೆಯಾಗುವುದರಿಂದ ಮನಸ್ಸಿಗೆ ಹಿತವೆನಿಸುತ್ತದೆ; ಆದರೆ ಅವು ಕೆಲಸ ಮಾಡಬೇಕಾದರೆ ಮಿಶ್ರಣ ಸಾಕಷ್ಟು ಆಮ್ಲೀಯವಾಗಿರಬೇಕು, ಅದನ್ನು ಪ್ರತಿ ಸಲ ಅಳೆದು ಸರಿಪಡಿಸುವ ತಾಳ್ಮೆ ನನಗಿಲ್ಲ. ಇನ್ನೊಂದು ಕಾಪಿಡುವ ವಸ್ತುವಾದ ಫಿನಾಕ್ಸಿಎಥನಾಲ್‌ಗೆ ಅಂಥ ಹಟವಿಲ್ಲ. ಯೂರೋಪಿನ ನಿಯಮದಲ್ಲಿ ಅದರ ಮಿತಿ ನೂರಕ್ಕೆ 1 ಭಾಗ. ಅದಕ್ಕೆ ನೆರವಾಗುವ ಎಥಿಲ್‌ಹೆಕ್ಸಿಲ್‌ಗ್ಲಿಸರಿನ್ ಬೆರೆತು ಬರುವ ಅದರ ಮಿಶ್ರಣವನ್ನು 200 ಗ್ರಾಂ ಲೋಶನ್ನಿಗೆ 2 ಗ್ರಾಂ ಹಾಕಿದರೆ ಮಿತಿಯೊಳಗೇ ಉಳಿಯುತ್ತದೆ. ಇದನ್ನು ಹಾಕಿದ ಮೇಲೆ ನನ್ನ ಲೋಶನ್ನನ್ನು ನೂರಕ್ಕೆ ನೂರು ನೈಸರ್ಗಿಕ ಎಂದು ಕರೆಯುವಂತಿಲ್ಲ. ಬೂಷ್ಟು ಮಾತ್ರ ನೂರಕ್ಕೆ ನೂರು ನೈಸರ್ಗಿಕವಾಗಿಯೇ ಬಂದಿತ್ತು.

ನೀರಿನ ವಿಷಯವನ್ನೂ ಇದೇ ವೇಳೆ ಇತ್ಯರ್ಥ ಮಾಡಿದೆ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣದಂಥ ಪದರ ಕಟ್ಟುತ್ತದೆ, ಆದ್ದರಿಂದ ಅದು ಬೇಡ. ಇನ್ವರ್ಟರ್ ಬ್ಯಾಟರಿಗೆಂದು ಮಾರುವ ನೀರು ಮೈಗೆ ಹಚ್ಚಲು ತಯಾರಾದದ್ದಲ್ಲ. ರಾಸಾಯನಿಕಗಳ ಅಂಗಡಿಯಿಂದ ಶುದ್ಧ ಡಿಸ್ಟಿಲ್ಡ್ ವಾಟರ್ ತಂದಿದ್ದೇನೆ.

ಡಿಸೆಂಬರ್ 14: ಮೂರನೆಯ ಪಾಕ

ಚಮಚದ ಅಳತೆಯನ್ನು ಕೈಬಿಟ್ಟು ಎಲ್ಲವನ್ನೂ ತೂಗಿದೆ. ವ್ಯಾಕ್ಸ್ ಹೆಚ್ಚಾಗಿದ್ದರಿಂದ, ಎಂದರೆ 14 ಗ್ರಾಂ ಹಾಕಿದ್ದರಿಂದ, ಮೈಗೆ ಉಜ್ಜಿದಾಗ ಸಾಬೂನಿನ ನೊರೆಯಂತೆ ಬಿಳಿ ಗೆರೆಗಳು ಎದ್ದು ಬಹಳ ಹೊತ್ತು ಮಾಯವಾಗಲಿಲ್ಲ. ಬ್ಲೆಂಡರನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ಗಾಳಿ ತುಂಬಿಸಿದ್ದೂ ಒಂದು ಕಾರಣ. ಬಳಸಲು ಅಡ್ಡಿಯಿಲ್ಲ, ಮಕ್ಕಳು ಕಾಲಿಗೆ ಹಚ್ಚಿಕೊಳ್ಳುತ್ತಿದ್ದಾರೆ.

ಡಿಸೆಂಬರ್ 28: ನಾಲ್ಕನೆಯ ಪಾಕ

ಧನುರ್ಮಾಸದ ಹುಗ್ಗಿಗೆ ಎದ್ದ ಹೊತ್ತಿನಲ್ಲೇ, ಅಡುಗೆಮನೆ ಖಾಲಿಯಿರುವಾಗಲೇ, ಈ ಪಾಕವನ್ನು ಮುಗಿಸಿದೆ. ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಅದು 24 ಡಿಗ್ರಿಯ ಆಸುಪಾಸಿನಲ್ಲಿ ಕರಗುವಂಥದ್ದು, ಅಡುಗೆಮನೆಯಲ್ಲಿ ಬೆಳಗಿನ ಜಾವ ಅಷ್ಟು ಶಾಖವಿರಲಿಲ್ಲ. ಈಗ ಸ್ಥಿರವಾಗಿರುವ ಅಳತೆ ಇದು: 200 ಗ್ರಾಂ ಲೋಶನ್ನಿಗೆ 143 ಗ್ರಾಂ ನೀರು, 8 ಗ್ರಾಂ ಗ್ಲಿಸರಿನ್, 20 ಗ್ರಾಂ ಎಳ್ಳೆಣ್ಣೆ, 10 ಗ್ರಾಂ ಕೊಬ್ಬರಿ ಎಣ್ಣೆ, 6 ಗ್ರಾಂ ಮುರುಗಲ ಬೆಣ್ಣೆ, 10 ಗ್ರಾಂ ಎಮಲ್ಸಿಫೈಯಿಂಗ್ ವ್ಯಾಕ್ಸ್, 1 ಗ್ರಾಂ ವಿಟಮಿನ್ ಇ, 2 ಗ್ರಾಂ ಕಾಪಿಡುವ ಮಿಶ್ರಣ. ಮುರುಗಲ ಬೆಣ್ಣೆಯನ್ನು ಶಿರಸಿ ಕಡೆಯ ಪರಿಚಿತರು ತಂದುಕೊಟ್ಟರು; ಕರಾವಳಿ, ಮಲೆನಾಡಿನವರು ಒಡೆದ ಹಿಮ್ಮಡಿಗೆ ಬಳಸುವ ಈ ಗಟ್ಟಿ ಕೊಬ್ಬು ಮೈಯ ಶಾಖಕ್ಕೆ ಮೆಲ್ಲನೆ ಕರಗುತ್ತದೆ.

ನೀರು ಮತ್ತು ಗ್ಲಿಸರಿನ್ ಒಂದು ಪಾತ್ರೆಯಲ್ಲಿ, ಎಣ್ಣೆಗಳು ಮತ್ತು ವ್ಯಾಕ್ಸ್ ಇನ್ನೊಂದರಲ್ಲಿ, ಎರಡನ್ನೂ 70 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟೆ. ಎರಡರ ಶಾಖವೂ ಒಂದೇ ಆಗಿರಬೇಕು. ತಣ್ಣನೆಯ ನೀರು ಬಿಸಿ ಎಣ್ಣೆಗೆ ಬಿದ್ದರೆ ವ್ಯಾಕ್ಸ್ ಬೆರೆಯುವ ಮೊದಲೇ ಹರಳುಗಟ್ಟುತ್ತದೆ. ಆವಿಯಾಗಿ ಹೋದ ನೀರಿನ ತೂಕವನ್ನು ಬಿಸಿನೀರಿನಿಂದಲೇ ತುಂಬಿದೆ. ಬ್ಲೆಂಡರಿನ ತಲೆಯನ್ನು ದ್ರವದೊಳಗೆ ಪೂರ್ತಿ ಮುಳುಗಿಸಿ ಮೊದಲು ಓರೆ ಮಾಡಿ ಒಳಗಿನ ಗಾಳಿ ಬಿಟ್ಟು, ಹತ್ತು ಹತ್ತು ಸೆಕೆಂಡು ಮಾತ್ರ ತಿರುಗಿಸಿ ನಡುನಡುವೆ ಚಮಚದಿಂದ ಕೈಯಾಡಿಸಿದೆ. 40 ಡಿಗ್ರಿಗೆ ಇಳಿದ ಮೇಲೆ ವಿಟಮಿನ್ ಇ ಮತ್ತು ಕಾಪಿಡುವ ಮಿಶ್ರಣವನ್ನು ಸೇರಿಸಿದೆ. ಬಿಳಿ ಗೆರೆಗಳು ಬಹಳಷ್ಟು ಕಡಿಮೆಯಾಗಿವೆ.

ಪರಿಮಳ ಹಾಕಿಲ್ಲ. ಮೈಸೂರಿನಲ್ಲಿ ಕುಳಿತು ಲೋಶನ್ ಮಾಡುವವರಿಗೆ ಗಂಧದೆಣ್ಣೆಯ ಆಸೆ ಬಾರದಿರಲು ಸಾಧ್ಯವಿಲ್ಲ. ಮೊದಲನೆಯ ಮಹಾಯುದ್ಧದಿಂದಾಗಿ ಶ್ರೀಗಂಧದ ಮರವನ್ನು ಯೂರೋಪಿಗೆ ಕಳಿಸುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1916ರ ಸುಮಾರಿಗೆ ಸಂಸ್ಥಾನವೇ ಎಣ್ಣೆ ತೆಗೆಯಲು ತೊಡಗಿದ ಊರು ಇದು. ಆದರೆ ಅಸಲಿ ಗಂಧದೆಣ್ಣೆಯ ಬೆಲೆ ಕೇಳಿದ ಮೇಲೆ ಎಳ್ಳೆಣ್ಣೆಯ ವಾಸನೆಯೇ ಚೆನ್ನಾಗಿದೆ ಎನ್ನಿಸಿತು.

ಜನವರಿ 11

ನಾಲ್ಕನೆಯ ಪಾಕದಿಂದ ಮೂರು ಪುಟ್ಟ ಸೀಸೆಗಳನ್ನು ಪರೀಕ್ಷೆಗೆಂದು ತೆಗೆದಿಟ್ಟಿದ್ದೆ: ಒಂದು ಫ್ರಿಜ್ಜಿನಲ್ಲಿ, ಒಂದು ಬಿಸಿಲು ಬೀಳುವ ಕಿಟಕಿಯಲ್ಲಿ, ಒಂದು ಸ್ನಾನದ ಮನೆಯಲ್ಲಿ. ಎರಡು ವಾರಗಳಾದರೂ ಯಾವುದೂ ಒಡೆದಿಲ್ಲ, ವಾಸನೆ ಬದಲಾಗಿಲ್ಲ. ಕಣ್ಣಿಗೆ ಕಾಣುವುದಷ್ಟೇ ನನ್ನ ಪರೀಕ್ಷೆಯ ಮಿತಿಯಾದ್ದರಿಂದ ಮನೆಯ ಹೊರಗಿನವರಿಗೆ ಕೊಡುತ್ತಿಲ್ಲ. ಮನೆಯವರೂ ಮೊಣಕೈಯ ಒಳಮಡಿಕೆಗೆ ಹಚ್ಚಿ ಒಂದು ದಿನ ಕಾದು, ತುರಿಕೆ ಬರದಿದ್ದರೆ ಮಾತ್ರ ಬಳಸಬೇಕು ಎಂಬ ಕಟ್ಟಳೆ ಮಾಡಿದ್ದೇನೆ. ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಾಗಿರುವಾಗ ಹಚ್ಚಿದರೆ ಅರ್ಧದಷ್ಟು ಲೋಶನ್ ಸಾಕಾಗುತ್ತದೆ ಎಂಬುದು ಈ ತಿಂಗಳ ನಿಜವಾದ ಲಾಭ. ನನ್ನ ಕಾಲಿನ ಮೇಲೆ ಈಗ ಗೀಚಿದರೆ ಗೆರೆ ಮೂಡುವುದಿಲ್ಲ.

ಜನವರಿ 18: ಐದನೆಯ ಪಾಕ

ಸಂಕ್ರಾಂತಿಯ ಎಳ್ಳುಬೆಲ್ಲದ ಗಡಿಬಿಡಿ ಮುಗಿದ ಮೇಲೆ ಅದೇ ಅಳತೆಯಲ್ಲಿ ಐದನೆಯ ಪಾಕ ಮಾಡಿ, ಅಗಲ ಬಾಯಿಯ ಡಬ್ಬಿಯ ಬದಲು ಪಂಪ್ ಇರುವ ಸೀಸೆಗೆ ತುಂಬಿದೆ. ಬೆರಳು ಅದ್ದುವ ಪ್ರಮೇಯವೇ ಬೇಡ. ಸೀಸೆಯ ಮೇಲೆ ಮಾಡಿದ ದಿನವನ್ನೂ, ಏಪ್ರಿಲ್ 18ರ ನಂತರ ಚೆಲ್ಲಬೇಕೆಂಬುದನ್ನೂ ಬರೆದು ಅಂಟಿಸಿದ್ದೇನೆ.

ಒಂದು ಸೀಸೆಯನ್ನು ಅತ್ತೆಯವರ ಮಂಚದ ಪಕ್ಕದಲ್ಲಿಡಲು ಹೋದಾಗ ಅವರ ಹಿಮ್ಮಡಿ ಕಣ್ಣಿಗೆ ಬಿತ್ತು. ಪ್ರತಿ ವರ್ಷ ಈ ಹೊತ್ತಿಗೆ ಬತ್ತಿದ ಕೆರೆಯಂಗಳದಂತೆ ಬಿರುಕು ಬಿಟ್ಟಿರುತ್ತಿದ್ದ ಹಿಮ್ಮಡಿ ಬಹುಮಟ್ಟಿಗೆ ಕೂಡಿಕೊಂಡಿತ್ತು. ನನ್ನ ಲೋಶನ್ನಿನಿಂದಲೇ ಎಂದು ಹಿಗ್ಗಿ ಕೇಳಿದರೆ, ಅವರು ದಿಂಬಿನ ಕೆಳಗಿನಿಂದ ಹಳೆಯ ಕುಂಕುಮದ ಡಬ್ಬಿಯೊಂದನ್ನು ತೆಗೆದು ತೋರಿಸಿದರು. ಒಳಗೆ ತೆಳು ಹಳದಿ ಬಣ್ಣದ ಗಟ್ಟಿ ಮುಲಾಮು. ನವೆಂಬರಿನಲ್ಲಿ ನಾನು ಮೂಲೆಗೆ ತಳ್ಳಿದ್ದ ಮೊದಲ ಪಾಕದ ಪನ್ನೀರನ್ನು ಬಗ್ಗಿಸಿ, ಉಳಿದ ಮೇಣ ಮತ್ತು ಎಣ್ಣೆಯನ್ನು ಬಾಣಲೆಗೆ ಹಾಕಿ, ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ ತುಂಬಿಟ್ಟುಕೊಂಡಿದ್ದರಂತೆ. ಡಬ್ಬಿಯ ತಳ ಕಾಣುತ್ತಿದೆ. ಬರುವ ಭಾನುವಾರ ನೀರಿಲ್ಲದ ಪಾಕವೊಂದನ್ನು ಮಾಡಿಕೊಡಬೇಕೆಂದು, ಮೇಣ ಸ್ವಲ್ಪ ಕಡಿಮೆ ಹಾಕಬೇಕೆಂದು ಹೇಳಿದ್ದಾರೆ.