20ನೇ ತಾರೀಖು, ಸಂಸೆ ಹತ್ತಿರ ಟವರ್ ಇಲ್ಲ

ನಾನು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ಲೆಕ್ಕ ಮಾಡಿಕೊಡುತ್ತೇನೆ. ಮಳೆಗಾಲ ಮುಗಿದ ಮೇಲೆ ಕೆಲವು ತಿಂಗಳು ನಾನೂ ನನ್ನ ಗಂಡನೂ ನಮ್ಮ ಈಕೋ ಗಾಡಿಯಲ್ಲೇ ಇರುತ್ತೇವೆ, ಮಲೆನಾಡು, ಕರಾವಳಿ ಅಂತ ತಿರುಗಿಕೊಂಡು. ಹಿಂದಿನ ಸೀಟಿನ ಮೇಲೆ ಹಲಗೆ ಹಾಕಿದರೆ ಮಂಚ, ತೆಗೆದರೆ ಮತ್ತೆ ಸೀಟು. ಗಾಡಿಯ ರೂಪ ಬದಲಿಸೋಕೆ ಆರ್‌ಟಿಒ ಅನುಮತಿ ಬೇಕು, ಹಾಗಾಗಿ ಏನನ್ನೂ ಕೊರೆದು ಕೂರಿಸಿಲ್ಲ. ಸಿಕ್ಕವರೆಲ್ಲ ಮೊದಲು ಸ್ನಾನ, ಊಟದ ಬಗ್ಗೆ ಕೇಳುತ್ತಾರೆ. ಆಮೇಲೆ ಇಂಟರ್ನೆಟ್‌ಗೆ ಏನು ಮಾಡ್ತೀರಿ ಅಂತ ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ಒಂದು ನವೆಂಬರ್ 20ರ ಕಥೆ ಹೇಳುತ್ತೇನೆ.

ತಿಂಗಳಿಗೊಮ್ಮೆ ಜಿಎಸ್‌ಟಿಆರ್-3ಬಿ, ಅಂದರೆ ಜಿಎಸ್‌ಟಿ ಲೆಕ್ಕದ ರಿಟರ್ನ್, ಸಲ್ಲಿಸುವವರಿಗೆ 20ನೇ ತಾರೀಖೇ ಕೊನೆ. ತಪ್ಪಿದರೆ ದಿನಕ್ಕೆ ₹50 ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ 18% ಬಡ್ಡಿ. ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಹಣ ಹೊಂದುವುದೇ ಕೊನೆ ದಿನ, ಆದ್ದರಿಂದ ಎಷ್ಟು ಮೊದಲೇ ತಯಾರಿ ಮಾಡಿಟ್ಟರೂ 20ಕ್ಕೆ ಒಂದಷ್ಟು ರಿಟರ್ನ್ ಉಳಿದೇ ಉಳಿಯುತ್ತವೆ. ಇದಕ್ಕೆ ಡೇಟಾ ಜಾಸ್ತಿ ಬೇಡ. ಒಂದು ಗಂಟೆ ವಿಡಿಯೋ ಮೀಟಿಂಗ್‌ಗೆ ಹೋಗುವ ಡೇಟಾದಲ್ಲಿ ರಾಶಿ ರಿಟರ್ನ್ ಸಲ್ಲಿಸಬಹುದು. ಆದರೆ ಸಂಪರ್ಕ ನಡುವೆ ಕಡಿಯಬಾರದು. ಒಟಿಪಿ ಹೋಗುವುದು ವ್ಯಾಪಾರಿಯ ಫೋನಿಗೆ, ಅವರು ಅದನ್ನು ಓದಿ ಹೇಳುವಷ್ಟರಲ್ಲಿ ನನ್ನ ಕಡೆ ಪುಟ ಸತ್ತಿದ್ದರೆ ಮತ್ತೆ ಮೊದಲಿಂದ ಶುರು.

ನಮ್ಮ ಏರ್ಪಾಡು ಸರಳ. ಎರಡು ಬೇರೆ ಬೇರೆ ಕಂಪನಿಯ ಪ್ರಿಪೇಯ್ಡ್ ಸಿಮ್. ಒಂದಕ್ಕೆ ದಿನಕ್ಕೆ 2 ಜಿಬಿ ಬರುವ ರೀಚಾರ್ಜ್, 28 ದಿನಕ್ಕೆ ₹350ರ ಆಸುಪಾಸು. ಇನ್ನೊಂದಕ್ಕೆ ಸಿಮ್ ಜೀವಂತ ಇರುವಷ್ಟು ಮಾತ್ರ, ಬೇಕಾದ ಕಡೆ ಅದಕ್ಕೂ ಡೇಟಾ ಹಾಕಿಸುವುದು. 28 ದಿನ ಅಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್ ಅನ್ನೋದು ನೆನಪಿರಲಿ. 2022ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಹೇಳಿದ ಮೇಲೆ ಕಂಪನಿಗಳು 30 ದಿನದ ಪ್ಲಾನನ್ನೂ ಇಟ್ಟಿವೆ, ಲೆಕ್ಕ ಹಾಕಿ ನೋಡಬೇಕು. ಇದರ ಜೊತೆಗೆ ಸಿಮ್ ಹಾಕುವ ಒಂದು 4ಜಿ ರೂಟರ್, ಅದಕ್ಕೆ ಹೊರಗಿನ ಆಂಟೆನಾ. ಎರಡೂ ಸೇರಿ ಒಂದು ಸಲದ ಖರ್ಚು. ರೂಟರ್ 12 ವೋಲ್ಟ್‌ನದು, ಗಾಡಿಯ ಬ್ಯಾಟರಿಯಿಂದಲೇ ನಡೆಯುತ್ತದೆ, ಆದರೆ ಇಂಜಿನ್ ಓಡುವಾಗ ವೋಲ್ಟೇಜ್ 14 ದಾಟುವುದರಿಂದ ನಡುವೆ ಒಂದು ಚಿಕ್ಕ ರೆಗ್ಯುಲೇಟರ್ ಹಾಕಿದ್ದೇವೆ.

ಆಂಟೆನಾ ಯಾಕೆ ಅಂದರೆ, ಗಾಡಿಯ ಮೈ ತಗಡು. ಒಳಗೆ ಕೂತರೆ ಇರುವ ಸಿಗ್ನಲ್ಲೂ ಅರ್ಧ ಸೋರಿಹೋಗುತ್ತದೆ. ದುಡ್ಡು ಖರ್ಚು ಮಾಡುವ ಮೊದಲು ಫೋನನ್ನು ಮುಂದಿನ ಗಾಜಿನ ಹತ್ತಿರ ಇಟ್ಟು ನೋಡಿ, ಅಷ್ಟರಲ್ಲೇ ಎಷ್ಟೋ ಕಡೆ ಕೆಲಸ ಆಗುತ್ತದೆ. ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ಅಂತ ಇರುತ್ತದೆ, ಅಲ್ಲಿ ಸಿಗ್ನಲ್‌ನ ಬಲ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ, ಮೈನಸ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90 ಇದ್ದರೆ ನೆಮ್ಮದಿ, ಮೈನಸ್ 115 ಅಂದರೆ ಒಟಿಪಿ ಕಥೆ ಮುಗಿದಂತೆ. ಬೂಸ್ಟರ್, ಅಂದರೆ ಸಿಗ್ನಲ್ ಹಿಡಿದು ಜೋರು ಮಾಡಿ ಮತ್ತೆ ಬಿಡುವ ಯಂತ್ರ, ತಗೊಳ್ಳಿ ಅಂತ ಹೇಳುವವರು ತುಂಬಾ ಜನ. ಅನುಮತಿ ಇಲ್ಲದೆ ಸಿಗ್ನಲ್ ಬೂಸ್ಟರ್ ಹಾಕುವುದು ನಮ್ಮಲ್ಲಿ ಕಾನೂನುಬಾಹಿರ, ಅದು ಸುತ್ತಲಿನ ಮನೆಗಳ ನೆಟ್‌ವರ್ಕನ್ನೂ ಕೆಡಿಸುತ್ತದೆ. ಊರಿನವರ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು ಅವರ ಫೋನೇ ಕೆಡಿಸುವುದು ನಮಗೆ ಬೇಡ.

ಸರಿ, ಆ ನವೆಂಬರ್ 20. ಚಿಕ್ಕಮಗಳೂರು ಜಿಲ್ಲೆಯ ಕಳಸದಿಂದ ಸಂಸೆ ಕಡೆ ಹೋಗುವ ದಾರಿಯಲ್ಲಿ ಒಂದು ತೋಟದ ಮನೆಯವರ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದೆವು. ಹಿಂದಿನ ರಾತ್ರಿ ಅಕಾಲದ ಮಳೆ, ಜೋರು ಗಾಳಿ. ಬೆಳಿಗ್ಗೆ ಎದ್ದರೆ ಎರಡೂ ಸಿಮ್ ಸೊನ್ನೆ. ಮನೆಯ ಅಜ್ಜಿ ಕಾಫಿ ಕೊಡುತ್ತಾ, "ಲೈನ್ ಮೇಲೆ ಮರ ಬಿದ್ದಿದೆ ಮಗ, ಕರೆಂಟ್ ಇಲ್ಲದಿದ್ರೆ ಟವರ್ ಎಷ್ಟು ಹೊತ್ತು ಇರ್ತದೆ? ಬ್ಯಾಟ್ರಿ ಖಾಲಿ ಆಗಿರ್ತದೆ" ಅಂದರು. ಮಲೆನಾಡಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಟವರ್ ಇದ್ದರೆ ಸಾಲದು, ಅದಕ್ಕೆ ಕರೆಂಟ್ ಬೇಕು, ಕರೆಂಟ್ ಹೋದರೆ ಬ್ಯಾಟರಿ ಬೇಕು, ಬ್ಯಾಟರಿ ಮುಗಿದರೆ ಯಾರಾದರೂ ಡೀಸೆಲ್ ತಂದು ಹಾಕಬೇಕು.

ಕಳಸದ ಪೇಟೆಗೆ ಹೋಗೋಣ ಅಂದರೆ ಅದೇ ಮರ ರಸ್ತೆಗೂ ಅಡ್ಡ ಬಿದ್ದಿತ್ತು. ಇನ್ನೊಂದು ಕಡೆ ಕುದುರೆಮುಖದ ಮೇಲೆ ಕಾರ್ಕಳಕ್ಕೆ ಇಳಿಯಬಹುದು, ಆದರೆ ಅದು ರಾಷ್ಟ್ರೀಯ ಉದ್ಯಾನದ ದಾರಿ. ಚೆಕ್‌ಪೋಸ್ಟ್‌ನಿಂದ ಚೆಕ್‌ಪೋಸ್ಟ್‌ವರೆಗೆ ನಡುವೆ ನಿಲ್ಲುವಂತಿಲ್ಲ, ಸಿಗ್ನಲ್ ನೆಚ್ಚಿಕೊಳ್ಳುವಂತೆಯೂ ಇಲ್ಲ. ಏನು ಮಾಡೋದು ಅಂತ ಯೋಚಿಸುತ್ತಿದ್ದಾಗ ಅಜ್ಜಿಯ ಮಗ ಬಂದರು. "ಮೇಲಿನ ತಿರುವಿಗೆ ಹೋಗಿ ಮಾರಾಯ್ರೆ. ಅಲ್ಲಿ ಕಳಸದ ಟವರ್ ಸಿಗ್ತದೆ. ಇವತ್ತು ಸೊಸೈಟಿಯವರೂ ಅಲ್ಲೇ ಇರ್ತಾರೆ."

ಸೊಸೈಟಿಯವರು ಅಲ್ಲಿ ಯಾಕೆ ಅನ್ನೋದು ಹೋದ ಮೇಲೆ ಅರ್ಥವಾಯಿತು. ರೇಷನ್ ಕೊಡಬೇಕಾದರೆ ಕಾರ್ಡಿನವರು ಬೆರಳು ಕೊಡಬೇಕು, ಬೆರಳು ಸರ್ವರ್‌ನಲ್ಲಿ ಹೊಂದಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಅಕ್ಕಿ ಇಲ್ಲ. ಹಾಗಾಗಿ ಅವರು ಲ್ಯಾಪ್‌ಟಾಪ್, ಬೆರಳಿನ ಯಂತ್ರ ಎರಡನ್ನೂ ಒಂದು ಜೀಪಿನ ಬಾನೆಟ್ ಮೇಲೆ ಇಟ್ಟುಕೊಂಡಿದ್ದರು, ಮೇಲೆ ಒಬ್ಬರು ಕೊಡೆ ಹಿಡಿದಿದ್ದರು. ಸುತ್ತ ಊರಿನ ಜನ. ತೋಟದ ಕೆಲಸಕ್ಕೆ ರಜೆ ಹಾಕಿ ಬಂದ ಹೆಂಗಸರು, ಕೋಲೂರಿಕೊಂಡು ಗುಡ್ಡ ಹತ್ತಿದ ವಯಸ್ಸಾದವರು. ಇಲ್ಲಿ ಬೆರಳು ಕೊಟ್ಟು, ಕೆಳಗೆ ಹೋಗಿ ಅಕ್ಕಿ ತಗೊಂಡು ಮನೆಗೆ ಹೋಗಬೇಕು. ಸಿಗ್ನಲ್ ಬಂದು ಹೋಗಿ ಆಗುತ್ತಿತ್ತು. ಒಬ್ಬೊಬ್ಬರೂ ಮತ್ತೆ ಮತ್ತೆ ಬೆರಳು ಇಡುತ್ತಿದ್ದರು.

ನಮ್ಮವರು ಕೆಳಗೆ ಬಿದ್ದಿದ್ದ ಒಂದು ಅಡಿಕೆ ದಬ್ಬೆಗೆ ಆಂಟೆನಾ ಕಟ್ಟಿ ಗಾಡಿಗೆ ಒರಗಿಸಿದರು. ಕಳಸದ ದಿಕ್ಕಿಗೆ ನಿಧಾನ ತಿರುಗಿಸುತ್ತಾ ಹೋದಾಗ ರೂಟರ್‌ನಲ್ಲಿ ಸಂಖ್ಯೆ ಮೈನಸ್ 112ರಿಂದ ಮೈನಸ್ 98ಕ್ಕೆ ಬಂತು. ಮೂರು ಅಂಕಿ ಎರಡಾದದ್ದು ನೋಡಿ ನನಗೆ ಜೀವ ಬಂದಂತಾಯಿತು. ಸೊಸೈಟಿಯವರಿಗೆ ನಮ್ಮ ವೈಫೈ ಪಾಸ್‌ವರ್ಡ್ ಕೊಟ್ಟೆವು. ಬೆರಳು ಹೊಂದಿಸೋಕೆ ಹೋಗುವ ಡೇಟಾ ಲೆಕ್ಕಕ್ಕೇ ಇಲ್ಲ, ನಮ್ಮ 2 ಜಿಬಿಯಲ್ಲಿ ಊರಿಗೆಲ್ಲ ಆಗುತ್ತದೆ. ಮೊದಲು ವಯಸ್ಸಾದವರದು ಮುಗಿಸಿದರು. ನಾನು ಬಾಗಿಲು ತೆಗೆದ ಗಾಡಿಯಲ್ಲಿ ಕೂತು ರಿಟರ್ನ್ ಹಾಕುತ್ತಿದ್ದೆ, ಚಿತ್ರದುರ್ಗದ ಹಾರ್ಡ್‌ವೇರ್ ಅಂಗಡಿಯವರು ಫೋನಿನಲ್ಲಿ "ಅಕ್ಕಾ, ಒಟಿಪಿ ಬರೆದುಕೊಳ್ಳಿ" ಅಂತ ಕೂಗಿ ಹೇಳುತ್ತಿದ್ದರು, ಪಕ್ಕದಲ್ಲಿ ಯಾರದ್ದೋ ಬೆರಳು ಹೊಂದಿ "ಆಯ್ತು, ಮುಂದೆ ಬನ್ನಿ" ಅನ್ನುವ ದನಿ. ಮಧ್ಯಾಹ್ನದ ಹೊತ್ತಿಗೆ ಕಾಲೇಜಿನ ಇಬ್ಬರು ಹುಡುಗಿಯರು ಸ್ಕಾಲರ್‌ಶಿಪ್ ಅರ್ಜಿ ತುಂಬೋಕೆ ಬಂದರು. ನನ್ನ ಕೊನೆಯ ರಿಟರ್ನ್ ಹೋದಾಗ ಮರ ತೆಗೆದು ರಸ್ತೆ ಬಿಟ್ಟಿದ್ದರು.

ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ನಮಗೆ ಚಕ್ರ ಇದೆ, ಸಿಗ್ನಲ್ ಇಲ್ಲದಿದ್ದರೆ ಮುಂದಿನ ಊರಿಗೆ ಹೋಗುತ್ತೇವೆ. ಅವರು ಎಲ್ಲಿಗೆ ಹೋಗಬೇಕು? ರೀಚಾರ್ಜ್‌ಗೆ ಬೆಂಗಳೂರಿನವರು ಕೊಡುವಷ್ಟೇ ಹಣ ಇವರೂ ಕೊಡುತ್ತಾರೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಇವರಿಗೂ ಅಷ್ಟೇ ಏರಿತು. ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಗುಡ್ಡದ ಮೇಲೆ ಟಾರ್ಪಲ್ ಕಟ್ಟಿಕೊಂಡು ಕ್ಲಾಸ್ ಕೇಳಿದ್ದನ್ನು ಎಲ್ಲರೂ ನೋಡಿದ್ದೇವೆ, 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ ಅಂತ ಜನ ಬೋರ್ಡನ್ನೇ ಹಾಕಿದ್ದರು. ಇಂಟರ್ನೆಟ್ ಇಲ್ಲದೆ ಅಕ್ಕಿ ಸಿಗಲ್ಲ ಅನ್ನುವ ವ್ಯವಸ್ಥೆ ಮಾಡಿದ ಮೇಲೆ ಟವರಿಗೆ ಬ್ಯಾಟರಿ ಇಡುವುದೂ ಅದೇ ವ್ಯವಸ್ಥೆಯ ಕೆಲಸ ಅಲ್ವಾ?

ಹೊರಡುವ ಮೊದಲು ಸೊಸೈಟಿಯವರು ಆಂಟೆನಾ ಬಗ್ಗೆ ವಿಚಾರಿಸಿದರು. ನಮ್ಮವರು ಅವರ ಕಟ್ಟಡದ ಮಾಡು ಹತ್ತಿ ಅದನ್ನು ಹಿಡಿದು ನೋಡಿದರು. ಅಲ್ಲೂ ಕಳಸದ ಟವರ್ ಸಿಕ್ಕಿತು, ಮೈನಸ್ 106. ಬೇಕಾದ ಸಾಮಾನೆಲ್ಲ ಒಂದು ಬಿಲ್ಲಿನ ಹಿಂದೆ ಬರೆದುಕೊಟ್ಟೆವು: ಎರಡು ಆಂಟೆನಾ ಜೋಡಿಸುವ ಜಾಗ ಇರುವ ರೂಟರ್, ಅದರಲ್ಲಿ ಬ್ಯಾಂಡ್ 28, ಅಂದರೆ 700 ಮೆಗಾಹರ್ಟ್ಸ್ ತರಂಗ ಹಿಡಿಯುವ ಸೌಲಭ್ಯ, ಇರಲೇಬೇಕು, ಯಾಕೆಂದರೆ ಬಿಎಸ್‌ಎನ್‌ಎಲ್ 4ಜಿ ಅದರಲ್ಲೂ ಬರುತ್ತದೆ ಮತ್ತು ಎಷ್ಟೋ ಹಳೆಯ ರೂಟರ್‌ಗಳಲ್ಲಿ ಅದು ಇರುವುದಿಲ್ಲ. ಕೇಬಲ್ ಆದಷ್ಟು ಚಿಕ್ಕದಿರಲಿ, ಉದ್ದವಾದಷ್ಟೂ ಸಿಗ್ನಲ್ ಅದರಲ್ಲೇ ಕಳೆದುಹೋಗುತ್ತದೆ. ಯುಪಿಎಸ್ ಒಂದಿರಲಿ.

ಸಂಕ್ರಾಂತಿ ಆದ ಮೇಲೆ ಅವರ ಫೋನ್ ಬಂತು. ಊರಿನವರೇ ದುಡ್ಡು ಸೇರಿಸಿ ಹಾಕಿಸಿದ್ದಾರಂತೆ, ರೇಷನ್ ಈಗ ಸೊಸೈಟಿಯಲ್ಲೇ. ಕಳಸದಲ್ಲೂ ಕರೆಂಟ್ ಹೋಗಿ ಅಲ್ಲಿನ ಟವರೂ ನಿಂತರೆ ಏನು ಮಾಡೋದು ಅಂತ ಕೇಳಿದರು. ಅದಕ್ಕೆ ನಮ್ಮ ಹತ್ತಿರ ಯಾವ ಸಾಮಾನೂ ಇಲ್ಲ, ಪಂಚಾಯ್ತಿಯಿಂದ ಅರ್ಜಿ ಕೊಡಿಸಿ ಅಂದೆ. ಆ ಅರ್ಜಿಯನ್ನು ಈಗ ನಾನೇ ಟೈಪ್ ಮಾಡುತ್ತಿದ್ದೇನೆ.