ನಮ್ಮೋರಲ್ಲ ನೋಡು

ಹೋದ ಭಾನುವಾರ ಅಪ್ಪಾಜಿ ದಾವಣಗೆರೆಯಿಂದ ವಿಡಿಯೋ ಕಾಲ್ ಮಾಡಿದ್ದರು. ಮಹಡಿ ಮನೆ ಖಾಲಿಯಾಗಿದೆ, ಕೇಳಿಕೊಂಡು ಬಂದವರನ್ನು ಸಾಗಹಾಕಿದೆ ಅಂದರು. "ಹುಡುಗ ಒಳ್ಳೆಯವನೇ, ಬ್ಯಾಂಕ್ ಕೆಲಸ. ಆದ್ರೆ ನಮ್ಮೋರಲ್ಲ ನೋಡು."

ಪಕ್ಕದಲ್ಲಿದ್ದ ಮಗಳು ಬಾಯಿ ಹಾಕಿದಳು. "ಅಜ್ಜ, ನಮ್ಮ ಓನರ್ ಅಂಕಲ್ಲೂ ಹಂಗೇ ಅಂದಿದ್ರೆ ನಾವೆಲ್ಲಿ ಇರ್ತಿದ್ವಿ?"

ನಮ್ಮ ಓನರ್ ಲಾಹೋರ್ ಕಡೆಯವರು. ಅಪ್ಪಾಜಿ ನಕ್ಕರು. "ಅದು ಆ ದೇಶ ಕಣವ್ವ" ಅಂದು ಮಳೆ ವಿಷಯಕ್ಕೆ ಹೋದರು.

ಲಂಡನ್ನಿನ ಹ್ಯಾರೋದಲ್ಲಿ ಇದೆಲ್ಲ ಸುದ್ದಿಯೇ ಅಲ್ಲ. 2021ರ ಜನಗಣತಿ ಪ್ರಕಾರ ಇಲ್ಲಿ ನೂರಕ್ಕೆ ಸುಮಾರು 34 ಮಂದಿ ಕ್ರೈಸ್ತರು, 26 ಮಂದಿ ಹಿಂದೂಗಳು, 16 ಮಂದಿ ಮುಸ್ಲಿಮರು. ಎದುರು ಮನೆಯ ಗುಜರಾತಿ ಅಜ್ಜಿ 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾ ಮೂಲದವರನ್ನು ಉಗಾಂಡಾದಿಂದ ಓಡಿಸಿದಾಗ ಬಂದವರು. ಅವರ ಪಕ್ಕದಲ್ಲಿ ರೊಮೇನಿಯಾದವರು.

ಹಾಗಂತ ಇದೇನು ಸ್ವರ್ಗ ಅಲ್ಲ. ಧರ್ಮ ನೋಡಿ ಮನೆ ಕೊಡಲ್ಲ ಅನ್ನೋಕೆ ಕಾನೂನು ಬಿಡಲ್ಲ, ಸರಿ. ಆದರೆ ಬಾಡಿಗೆಗೆ ಕೊಡೋ ಮೊದಲು ನಮ್ಮಂಥವರ ವೀಸಾ ನೋಡಲೇಬೇಕು, ಅದೂ ಕಾನೂನೇ! ಧರ್ಮಕ್ಕೊಂದು ಶಾಲೆಯೂ ಇದೆ. ಸರ್ಕಾರದ ದುಡ್ಡಲ್ಲಿ ನಡೆಯುವ ಬ್ರಿಟನ್ನಿನ ಮೊದಲ ಹಿಂದೂ ಶಾಲೆ 2008ರಲ್ಲಿ ಶುರುವಾಗಿದ್ದು ಹ್ಯಾರೋದಲ್ಲೇ. ಮೊಮ್ಮಗಳು ಅಲ್ಲಿ ಓದಲಿ ಅಂತ ಅಪ್ಪಾಜಿಗೆ ಆಸೆ. ನಾವು ಮನೆ ಹತ್ತಿರದ ಶಾಲೆಗೆ ಹಾಕಿದೆವು. ದೊಡ್ಡ ಆದರ್ಶ ಏನಿಲ್ಲ, ನಡ್ಕೊಂಡು ಹೋಗಬಹುದು ಅಷ್ಟೇ.

ಅಪ್ಪಾಜಿ ಕೆಟ್ಟ ಮನುಷ್ಯ ಅಲ್ಲ. ಮಂಡಕ್ಕಿ ಭಟ್ಟಿಯ ಸಾಹೇಬ್ರು ಅವರ ಹಳೇ ಗೆಳೆಯರು. ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಭಟ್ಟಿಗೆ ಕರೆದುಕೊಂಡು ಹೋಗುತ್ತಿದ್ದರು. ಟೈರ್ ಸುಟ್ಟ ಹೊಗೆಗೆ ಕಣ್ಣೆಲ್ಲ ಉರಿ. ಕಾದ ಮರಳಿಗೆ ಅಕ್ಕಿ ಬಿದ್ದಿದ್ದೇ ತಡ, ಚಟಪಟ ಅಂತ ಅರಳಿ ಬಾಣಲೆ ತುಂಬೋದು. ಸಾಹೇಬ್ರು ಜರಡಿ ಆಡಿಸಿ ಮರಳು ಉದುರಿಸಿ, ಬಿಸಿಬಿಸಿ ಮಂಡಕ್ಕಿಯನ್ನು ನನ್ನ ಜೇಬಿಗೆ ತುಂಬೋರು. ತೊಡೆ ಸುಡ್ತಿತ್ತು. ದುಗ್ಗಮ್ಮನ ಜಾತ್ರೆಗೆ ನಮ್ಮ ಮನೆ ಹೋಳಿಗೆ ಅವರಿಗೆ, ರಂಜಾನಿಗೆ ಅವರ ಮನೆ ಸುರಕುಂಬ ನಮಗೆ.

ಮುಂದೆ ಅವರ ಮಗ ಡಾಕ್ಟರಾದ. ಆಸ್ಪತ್ರೆಗೆ ಹತ್ತಿರ ಆಗುತ್ತೆ ಅಂತ ನಮ್ಮ ಬಡಾವಣೆಯಲ್ಲೇ ಬಾಡಿಗೆ ಮನೆ ಹುಡುಕಿದರು. ಒಬ್ಬರು ಅಣ್ಣನ ಮಗ ಬರ್ತಾನೆ ಅಂದರು, ಇನ್ನೊಬ್ಬರು ಸುಣ್ಣಬಣ್ಣ ಬಾಕಿ ಅಂದರು. ಕೊನೆಗೆ ಹಳೇ ದಾವಣಗೆರೆಯಲ್ಲೇ ಉಳಿದರು. ಅಷ್ಟು ಬೀದಿ ಸುತ್ತಿದ ಸಾಹೇಬ್ರು ಅಪ್ಪಾಜಿಯನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಗೆಳೆತನ ಉಳೀಲಿ ಅಂತಲೇ ಇರಬೇಕು.